ಕೊಡಗಿನಿಂದ ಪಾಸ್‌ಪೋರ್ಟ್ ಸೇವೆ: ಕೌಂಟರ್‌ನಲ್ಲಿ ಸಲೀಸು, ಹೆಸರಿನಲ್ಲಿ ತೊಡಕು

ಪಾಸ್‌ಪೋರ್ಟ್ ಸೇವೆಯ ಬಗ್ಗೆ ಒಟ್ಟಾರೆ ಒಳ್ಳೆಯ ಮಾತನ್ನೇ ಹೇಳಬೇಕು. ಅಪಾಯಿಂಟ್‌ಮೆಂಟ್ ದಿನ ಸರಿಯಾದ ದಾಖಲೆ ಹಿಡಿದು ಹೋದವರ ಕೆಲಸ ಅರ್ಧ ದಿನದೊಳಗೆ ಮುಗಿಯುತ್ತದೆ. ಯಾರ ಕೈಯನ್ನೂ ಬಿಸಿ ಮಾಡಬೇಕಿಲ್ಲ, ಏಜೆಂಟರ ಹಂಗೂ ಇಲ್ಲ. ಆದರೂ ಕೊಡಗಿನ ಎಷ್ಟೋ ಅರ್ಜಿಗಳು ನಡುದಾರಿಯಲ್ಲಿ ನಿಂತುಬಿಡುತ್ತವೆ. ಕಾರಣ ಹೆಚ್ಚಾಗಿ ಮನೆಯಲ್ಲೇ ಇರುತ್ತದೆ: ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಜನನ ಪ್ರಮಾಣಪತ್ರದಲ್ಲಿ ಮತ್ತೊಂದು. ಅರ್ಜಿ ತುಂಬುವ ಮೊದಲು ಇವೆಲ್ಲವನ್ನೂ ಒಂದೇ ಹೆಸರಿಗೆ ತಂದುಕೊಂಡವರಿಗೆ ಮುಂದಿನ ದಾರಿ ಸುಲಭ.

ಮೊದಲು ಖರ್ಚಿನ ಮಾತು. ದೊಡ್ಡವರಿಗೆ 36 ಪುಟದ ಪುಸ್ತಕಕ್ಕೆ 1500 ರೂಪಾಯಿ, 60 ಪುಟದ್ದಕ್ಕೆ 2000. ತತ್ಕಾಲ್ ಆದರೆ ಅದರ ಮೇಲೆ 2000 ಜಾಸ್ತಿ. ಮಕ್ಕಳಿಗೆ 1000. ಹಣವನ್ನು ಆನ್‌ಲೈನ್‌ನಲ್ಲೇ ಕಟ್ಟಬೇಕು. ಸರ್ಕಾರಿ ಜಾಲತಾಣದ ವಿಳಾಸ ಜಿಒವಿ ಡಾಟ್ ಇನ್ ಎಂದೇ ಮುಗಿಯುತ್ತದೆ. ಹೆಚ್ಚು ಶುಲ್ಕ ಕೇಳುವ ನಕಲಿ ತಾಣಗಳು ಹುಡುಕಾಟದಲ್ಲಿ ಮೇಲೆಯೇ ಬಂದು ಕೂರುತ್ತವೆ. ಸೈಬರ್‌ನಲ್ಲಿ ಅರ್ಜಿ ಹಾಕಿಸಿದರೂ ಮೊಬೈಲ್ ನಂಬರ್, ಇಮೇಲ್, ಪಾಸ್‌ವರ್ಡ್ ನಿಮ್ಮವೇ ಇರಲಿ. ಸೈಬರ್‌ನವರ ಇಮೇಲ್ ಕೊಟ್ಟರೆ ಆಮೇಲೆ ಫೈಲ್ ಎಲ್ಲಿದೆ ಎಂದು ನೋಡುವುದಕ್ಕೂ ಅವರ ಅಂಗಡಿ ತೆಗೆಯುವುದನ್ನೇ ಕಾಯಬೇಕಾಗುತ್ತದೆ.

ಕೊಡಗಿನವರು ಸಾಮಾನ್ಯವಾಗಿ ಹೋಗುವುದು ಮೈಸೂರಿಗೆ, ಇಲ್ಲವೇ ಮಂಗಳೂರಿಗೆ. ಎರಡೂ ಬೆಂಗಳೂರು ಪ್ರಾದೇಶಿಕ ಕಚೇರಿಯ ಕೆಳಗೇ ಬರುತ್ತವೆ. 2017ರ ಜನವರಿಯಲ್ಲಿ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಗಳು ಶುರುವಾದಾಗ ದೇಶದ ಮೊದಲ ಎರಡು ತೆರೆದದ್ದು ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ. ಮಂಗಳೂರಿನದು ಪೂರ್ಣ ಪ್ರಮಾಣದ ಸೇವಾ ಕೇಂದ್ರ. ಎರಡರಲ್ಲಿ ಯಾವುದು ಎಂಬುದನ್ನು ಮಳೆಗಾಲ ನೋಡಿ ತೀರ್ಮಾನಿಸಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಂಗಳೂರಿಗೆ ಇಳಿಯುವ ಸಂಪಾಜೆ ಘಾಟಿಯನ್ನು ನೆಚ್ಚಿಕೊಂಡು ಬೆಳಗಿನ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಡಿ. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಆ ರಸ್ತೆ ಕಡಿದುಹೋದದ್ದು ಎಲ್ಲರಿಗೂ ನೆನಪಿದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮೂರು ಗಂಟೆ ಹಿಡಿಯಿರಿ. ಹನ್ನೊಂದರ ನಂತರದ ಸಮಯ ಸಿಕ್ಕಿದರೆ ಮೊದಲ ಬಸ್ಸಿಗೆ ಹೊರಟರೂ ತಲುಪಬಹುದು. ಹೋಗಲಾಗದಿದ್ದರೆ ಸುಮ್ಮನೆ ತಪ್ಪಿಸಿಕೊಳ್ಳದೆ ದಿನಾಂಕ ಬದಲಿಸಿ. ಒಂದು ವರ್ಷದೊಳಗೆ ಮೂರು ಸಲ ಬದಲಿಸಲು ಅವಕಾಶವಿದೆ, ಕಟ್ಟಿದ ಹಣ ಹೋಗುವುದಿಲ್ಲ.

ಸೇವಾ ಕೇಂದ್ರದಲ್ಲಿ ಎ, ಬಿ, ಸಿ ಎಂದು ಮೂರು ಹಂತ. ಎ ಕೌಂಟರ್‌ನಲ್ಲಿ ದಾಖಲೆ ಸ್ಕ್ಯಾನ್, ಫೋಟೋ, ಬೆರಳಚ್ಚು. ಬಿಯಲ್ಲಿ ಅಧಿಕಾರಿ ಮೂಲ ದಾಖಲೆಗಳನ್ನು ತಾಳೆ ನೋಡುತ್ತಾರೆ. ಸಿಯಲ್ಲಿ ಮಂಜೂರಾತಿ. ಫೋಟೋ ಅಲ್ಲೇ ತೆಗೆಯುತ್ತಾರೆ, ನಾಲ್ಕು ವರ್ಷದೊಳಗಿನ ಮಕ್ಕಳದ್ದು ಮಾತ್ರ ಬಿಳಿ ಹಿನ್ನೆಲೆಯಲ್ಲಿ ತೆಗೆಸಿಕೊಂಡು ಹೋಗಬೇಕು. ಫೋಟೋಗೆ ಬಿಳಿ ಅಂಗಿ ಬೇಡ, ಹಿನ್ನೆಲೆಯಲ್ಲಿ ಕಲೆತುಹೋಗುತ್ತದೆ. ಎ ಕೌಂಟರ್‌ನ ಪರದೆಯಲ್ಲಿ ನಿಮ್ಮ ವಿವರ ತೋರಿಸಿದಾಗ ನಾಚಿಕೆ ಪಡದೆ ಒಂದೊಂದೇ ಅಕ್ಷರ ಓದಿ. ತಪ್ಪನ್ನು ಪುಕ್ಕಟೆಯಾಗಿ ತಿದ್ದಿಸಿಕೊಳ್ಳಲು ಅದೇ ಸರಿಯಾದ ಜಾಗ.

ಈಗ ಹೆಸರಿಗೆ ಬರೋಣ. ಕೊಡಗಿನಲ್ಲಿ ಹೆಸರು ಬರೆಯುವ ಕ್ರಮ ಎಲ್ಲರಿಗೂ ಗೊತ್ತು: ಮೊದಲು ಒಕ್ಕದ, ಅಂದರೆ ಮನೆತನದ, ಹೆಸರು, ಆಮೇಲೆ ಅಪ್ಪನದು, ಕೊನೆಗೆ ಸ್ವಂತದ್ದು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಕೆ.ಎಂ. ಬಿಡಿಸಿದರೆ ಕೊಡಂದೇರ ಮಾದಪ್ಪ. ಅರೆಭಾಷೆ ಗೌಡರಲ್ಲೂ ಮನೆತನದ ಹೆಸರಿದೆ, ಕೊಡವ ಮಾಪಿಳ್ಳೆ ಮುಸ್ಲಿಮರಲ್ಲೂ ಇದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇರುವುದು ಎರಡೇ ಕಾಲಂ: ಗಿವನ್ ನೇಮ್ ಮತ್ತು ಸರ್‌ನೇಮ್. ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿಯೇ ಬರೆಯಬೇಕು. ಸರ್‌ನೇಮ್ ಕಾಲಂನಲ್ಲಿ ಒಕ್ಕದ ಹೆಸರು ಹಾಕುವುದು ಸರಿ. ಆದರೆ ಉಳಿದದ್ದನ್ನು ನಮ್ಮ ರೂಢಿಯ ಕ್ರಮದಲ್ಲೇ ತುಂಬಿದರೆ ಗಿವನ್ ನೇಮ್‌ನ ಮೊದಲ ಪದ ಅಪ್ಪನ ಹೆಸರಾಗುತ್ತದೆ. ವಿದೇಶದಲ್ಲಿ ಬ್ಯಾಂಕು, ಆಸ್ಪತ್ರೆ, ಕಂಪನಿ ಎಲ್ಲವೂ ಮಗನನ್ನು ಅಪ್ಪನ ಹೆಸರಿನಿಂದ ಕರೆಯುತ್ತವೆ. ಹಾಗಾಗಿ ಆಧಾರ್‌ನಲ್ಲೇ ಮೊದಲು ಸ್ವಂತ ಹೆಸರು, ನಂತರ ಅಪ್ಪನದು, ಕೊನೆಗೆ ಒಕ್ಕ ಎಂದು ಸರಿಪಡಿಸಿಕೊಂಡು, ಅದೇ ಕ್ರಮದಲ್ಲಿ ಅರ್ಜಿ ಹಾಕುವುದು ಉತ್ತಮ.

ಸರ್‌ನೇಮ್ ಕಾಲಂ ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಬರುತ್ತದೆ, ಆದರೆ ಬಿಡಬೇಡಿ. ಯುಎಇ 2022ರ ನವೆಂಬರ್‌ನಿಂದ ಒಂದೇ ಪದದ ಹೆಸರಿನವರಿಗೆ ವಿಸಿಟ್ ವೀಸಾದ ಮೇಲೆ ಪ್ರವೇಶ ಬಿಗಿ ಮಾಡಿತು. ಇಂಗ್ಲಿಷ್ ಕಾಗುಣಿತ ಇನ್ನೊಂದು ತಲೆನೋವು. ಕಾರ್ಯಪ್ಪ ಸಿ ಅಕ್ಷರದಿಂದಲೂ ಬರುತ್ತದೆ, ಕೆಯಿಂದಲೂ ಬರುತ್ತದೆ; ಉತ್ತಪ್ಪನಿಗೆ ಒಬ್ಬರು ಎರಡು ಟಿ ಹಾಕಿದರೆ ಇನ್ನೊಬ್ಬರು ಟಿ ಪಕ್ಕ ಎಚ್ ಹಾಕುತ್ತಾರೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡನ್ನೇ ಆಧಾರವಾಗಿಟ್ಟುಕೊಳ್ಳಿ. ಅದನ್ನು ತಿದ್ದಿಸುವುದು ಎಲ್ಲಕ್ಕಿಂತ ಕಷ್ಟ, ಆಧಾರ್ ತಿದ್ದಿಸುವುದು ಎಲ್ಲಕ್ಕಿಂತ ಸುಲಭ. ಪಾಸ್‌ಪೋರ್ಟ್ ಬಂದ ಮೇಲೆ ಹೆಸರು ಪೂರ್ತಿ ಬದಲಿಸಬೇಕೆಂದರೆ ಅಫಿಡವಿಟ್, ಎರಡು ಪತ್ರಿಕೆಗಳಲ್ಲಿ ಜಾಹೀರಾತು, ಮತ್ತೆ ಪೂರ್ತಿ ಶುಲ್ಕ.

ಮದುವೆಯಾದ ಹೆಣ್ಣುಮಕ್ಕಳು ಗಂಡನ ಒಕ್ಕದ ಹೆಸರಿಗೆ ಬದಲಾಗಲೇಬೇಕು ಎಂಬ ನಿಯಮ ಪಾಸ್‌ಪೋರ್ಟ್‌ನಲ್ಲಿ ಇಲ್ಲ. ಸಂಗಾತಿಯ ಹೆಸರು ಸೇರಿಸಿದರೆ ಸಾಕು. ನರ್ಸಿಂಗ್ ಅಥವಾ ಎಂಜಿನಿಯರಿಂಗ್ ಪದವಿ ತವರಿನ ಹೆಸರಿನಲ್ಲಿದ್ದು ಕೆಲಸಕ್ಕೆಂದೇ ಹೋಗುವವರು ತವರಿನ ಹೆಸರನ್ನೇ ಇಟ್ಟುಕೊಳ್ಳುವುದು ಜಾಣತನ. ಇಲ್ಲವಾದರೆ ಆ ದೇಶದ ಪ್ರತಿ ಕಚೇರಿಗೂ ಎರಡೂ ಹೆಸರು ಒಬ್ಬರದೇ ಎಂದು ರುಜುವಾತು ಮಾಡುತ್ತ ಕೂರಬೇಕು. ಸಂಗಾತಿಯ ವೀಸಾಕ್ಕೆ ಮಾತ್ರ, ಮದುವೆ ಕೊಡವ ಸಮಾಜದಲ್ಲಿ ಆಗಿರಲಿ, ದೇವಸ್ಥಾನದಲ್ಲಿ ಆಗಿರಲಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಳ್ಳಿ.

ಹುಟ್ಟಿದ ದಿನಾಂಕಕ್ಕೆ: 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರ ಒಂದೇ ದಾರಿ. ಅದಕ್ಕೆ ಮೊದಲು ಹುಟ್ಟಿದವರಿಗೆ ಮಾರ್ಕ್ಸ್ ಕಾರ್ಡ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್ ಕೂಡ ನಡೆಯುತ್ತವೆ. ಹುಟ್ಟಿದ ಊರು ಹಳೆಯ ಕಾಗದಗಳಲ್ಲಿ ಮರ್ಕೆರಾ, ಫ್ರೇಜರ್‌ಪೇಟೆ ಎಂದಿದ್ದರೆ ಗಾಬರಿ ಬೇಡ. ಅರ್ಜಿಯಲ್ಲಿ ಮಡಿಕೇರಿ, ಕುಶಾಲನಗರ ಎಂದು ಈಗಿನ ಹೆಸರನ್ನೇ ಹಾಕಿ, ಮುಂದೆ ವೀಸಾ ಅರ್ಜಿಯಲ್ಲೂ ಅದನ್ನೇ ಬರೆಯಿರಿ. ಪೊನ್ನಂಪೇಟೆ, ಕುಶಾಲನಗರ ಹೊಸ ತಾಲ್ಲೂಕುಗಳಾದ ಮೇಲೆ ಇನ್ನೊಂದು ಗೊಂದಲ ಹುಟ್ಟಿದೆ: ಆಧಾರ್‌ನಲ್ಲಿ ವಿರಾಜಪೇಟೆ ತಾಲ್ಲೂಕು, ವೋಟರ್ ಕಾರ್ಡಿನಲ್ಲಿ ಪೊನ್ನಂಪೇಟೆ. ಯಾವ ದಾಖಲೆಯನ್ನು ವಿಳಾಸಕ್ಕೆ ಕೊಡುತ್ತೀರೋ ಅದರಲ್ಲಿ ಇದ್ದಂತೆಯೇ ಅರ್ಜಿ ತುಂಬಿ. ಪೊಲೀಸ್ ಠಾಣೆ ಮಾತ್ರ ನಿಮ್ಮ ಮನೆ ನಿಜವಾಗಿ ಯಾವ ಸರಹದ್ದಿನಲ್ಲಿದೆಯೋ ಅದೇ ಇರಲಿ. ಠಾಣೆ ತಪ್ಪಿದರೆ ಫೈಲ್ ಒಂದೂರಿನಿಂದ ಇನ್ನೊಂದೂರಿಗೆ ಅಲೆಯುತ್ತದೆ. ತೋಟದ ಲೈನ್‌ಮನೆಯಲ್ಲಿ (ಕಾರ್ಮಿಕರ ಸಾಲುಮನೆ) ಇರುವವರಿಗೆ ಕರೆಂಟ್ ಬಿಲ್ ಮಾಲೀಕರ ಹೆಸರಿನಲ್ಲಿ ಇರುತ್ತದೆ, ಅದು ಉಪಯೋಗಕ್ಕೆ ಬಾರದು. ಆಧಾರ್‌ನಲ್ಲಿ ತೋಟದ ವಿಳಾಸ ಇದ್ದರೆ ಅದೇ ಸಾಕು.

ಪೊಲೀಸ್ ವೆರಿಫಿಕೇಶನ್ ಈ ಸೇವೆಯ ದುರ್ಬಲ ಕೊಂಡಿ. ಅರ್ಜಿ ಜಿಲ್ಲಾ ಪೊಲೀಸ್ ಕಚೇರಿಗೆ ಬಂದು ಅಲ್ಲಿಂದ ಠಾಣೆಗೆ ಹೋಗುತ್ತದೆ, ಠಾಣೆಯಿಂದ ಫೋನ್ ಬರುತ್ತದೆ. ಒಳಗಿನ ತೋಟಗಳಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ರೇಂಜೂ ಹೋಯಿತು. ಸಿಬ್ಬಂದಿ ಎರಡು ಮೂರು ಸಲ ಕರೆದು, ಅರ್ಜಿದಾರರು ಸಿಗಲಿಲ್ಲ ಎಂದು ಬರೆದರೆ ಫೈಲ್ ಅಲ್ಲಿಗೇ ನಿಂತಿತು. ಅರ್ಜಿಯಲ್ಲಿ ಮನೆಯಲ್ಲಿ ರೇಂಜ್ ಸಿಗುವ ನಂಬರ್ ಕೊಡಿ. ಒಂದು ವಾರ ಕಳೆದರೂ ಕರೆ ಬರದಿದ್ದರೆ ಫೈಲ್ ನಂಬರ್ ಹಿಡಿದು ನೀವೇ ಠಾಣೆಗೆ ಹೋಗಿ ವಿಚಾರಿಸಿ, ಅದರಲ್ಲಿ ತಪ್ಪೇನಿಲ್ಲ. ಮೂಲ ಆಧಾರ್, ಹುಟ್ಟಿದ ದಿನಾಂಕದ ದಾಖಲೆ, ಎರಡು ಜೆರಾಕ್ಸ್ ಸೆಟ್, ನಿಮ್ಮನ್ನು ಬಲ್ಲ ಇಬ್ಬರು ನೆರೆಯವರ ಹೆಸರು ಮತ್ತು ಫೋನ್ ನಂಬರ್ ಸಿದ್ಧವಿರಲಿ. ಲೈನ್‌ಮನೆಯವರಿಗೆ ತೋಟದ ಲೆಕ್ಕ ಬರೆಯುವ ರೈಟರ್ ಬಂದು ಒಂದು ಮಾತು ಹೇಳಿದರೆ ಕೆಲಸ ಬೇಗ ಆಗುತ್ತದೆ. ಹಳೆಯ ಕೇಸು ನ್ಯಾಯಾಲಯದಲ್ಲಿ ಬಾಕಿ ಇದ್ದರೆ, ರಸ್ತೆ ತಡೆಯಂಥ ಸಣ್ಣದಾದರೂ, ಮುಚ್ಚಿಡಬೇಡಿ. ನ್ಯಾಯಾಲಯದ ಅನುಮತಿ ಪಡೆದು ಅರ್ಜಿ ಹಾಕಬಹುದು. ಮುಚ್ಚಿಟ್ಟದ್ದು ಗೊತ್ತಾದರೆ ಅದೇ ಬೇರೆ ಅಪರಾಧ.

ಪುಸ್ತಕ ಸ್ಪೀಡ್ ಪೋಸ್ಟ್‌ನಲ್ಲಿ ಬರುತ್ತದೆ, ಅರ್ಜಿದಾರರ ಕೈಗೇ ಕೊಡುತ್ತಾರೆ. ಮನೆಗೆ ಬೀಗ ಬಿದ್ದಿದ್ದರೆ ವಾಪಸ್ ಬೆಂಗಳೂರಿಗೆ. ರವಾನೆಯಾದ ಮೆಸೇಜ್ ಬಂದ ದಿನವೇ ಊರಿನ ಪೋಸ್ಟ್‌ಮ್ಯಾನ್‌ಗೆ ಹೇಳಿಡಿ.

ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಎರಡನೇ ಸುತ್ತು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಸಾಮಾನ್ಯವಾಗಿ ಇಸಿಆರ್ (ವಲಸೆ ತಪಾಸಣೆ ಅಗತ್ಯ) ಎಂದಿರುತ್ತದೆ. ಸೌದಿ, ಕುವೈತ್, ಕತಾರ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಅವರು ವಲಸೆ ಅನುಮತಿ ಪಡೆಯಬೇಕು. ಪಾಸಾದವರು ಮಾರ್ಕ್ಸ್ ಕಾರ್ಡ್ ತೋರಿಸಲು ಮರೆತು ಇಸಿಆರ್ ಹಾಕಿಸಿಕೊಂಡು ಬರುವುದೂ ಉಂಟು. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್‌ಗೆ ಅದೇ ಜಾಲತಾಣ, 500 ರೂಪಾಯಿ. 2022ರ ಸೆಪ್ಟೆಂಬರ್‌ನಿಂದ ಅಂಚೆ ಕಚೇರಿ ಕೇಂದ್ರಗಳಲ್ಲೂ ಸಿಗುತ್ತದೆ. ಬೇಗ ಮಾಡಿಸಿಟ್ಟುಕೊಂಡರೆ ಹಳತಾಗುತ್ತದೆ, ಹಲವು ದೇಶಗಳು ಆರು ತಿಂಗಳಿಗಿಂತ ಹಳೆಯದನ್ನು ಒಪ್ಪುವುದಿಲ್ಲ. ಆಫರ್ ಪತ್ರ ಕೈಗೆ ಬಂದ ಮೇಲೆ ಹಾಕಿ.

ಪದವಿಯ ಅಟೆಸ್ಟೇಶನ್‌ಗೆ, ಅಂದರೆ ದೃಢೀಕರಣಕ್ಕೆ, ಎಲ್ಲಕ್ಕಿಂತ ಹೆಚ್ಚು ಸಮಯ ಬೇಕು. ಜಿಲ್ಲೆಯ ಹಳೆಯ ಪದವಿಗಳು ಬಹುತೇಕ ಮಂಗಳೂರು ವಿಶ್ವವಿದ್ಯಾಲಯದವು, ಹಾಗಾಗಿ ಪರಿಶೀಲನೆಗೆ ಕೊಣಾಜೆಯ ದಾರಿ ಹಿಡಿಯಬೇಕು. ಅಲ್ಲಿಂದ ರಾಜ್ಯ ಸರ್ಕಾರ, ಆಮೇಲೆ ವಿದೇಶಾಂಗ ಸಚಿವಾಲಯ. ಭಾರತ 2005ರಲ್ಲಿ ದೇಶಗಳ ನಡುವೆ ದಾಖಲೆ ದೃಢೀಕರಣವನ್ನು ಸರಳಗೊಳಿಸುವ ಹೇಗ್ ಅಪಾಸ್ಟಿಲ್ ಒಪ್ಪಂದಕ್ಕೆ ಸೇರಿದೆ. ಒಪ್ಪಂದದ ದೇಶಗಳಿಗೆ ಅಪಾಸ್ಟಿಲ್ ಸ್ಟಿಕ್ಕರ್ ಸಾಕು, ಸಚಿವಾಲಯದ ಶುಲ್ಕ ದಾಖಲೆಗೆ 50 ರೂಪಾಯಿ ಮಾತ್ರ. ಕೆನಡಾ 2024ರ ಜನವರಿಯಲ್ಲಿ ಸೇರಿತು. ಯುಎಇ, ಕತಾರ್, ಕುವೈತ್‌ಗೆ ರಾಯಭಾರ ಕಚೇರಿಯ ಮುದ್ರೆ ಬೇರೆ ಬೇಕು, ಖರ್ಚು ಏರುವುದು ಅಲ್ಲೇ. ಜರ್ಮನಿ ಒಪ್ಪಂದದಲ್ಲಿದ್ದರೂ ಭಾರತದ ಸೇರ್ಪಡೆಗೆ ಆಕ್ಷೇಪಣೆ ಸಲ್ಲಿಸಿದ ದೇಶ. ಅಲ್ಲಿಗೆ ನರ್ಸಿಂಗ್ ಕೆಲಸಕ್ಕೆ ಹೊರಟವರು ಏಜೆಂಟರ ಮಾತಿಗೆ ಅಪಾಸ್ಟಿಲ್‌ಗೆ ದುಡ್ಡು ಸುರಿಯುವ ಮೊದಲು ಅಲ್ಲಿನ ಮಂಡಳಿ ಏನು ಕೇಳುತ್ತದೆ ಎಂದು ಬರಹದಲ್ಲಿ ತರಿಸಿಕೊಳ್ಳಿ.

ಮಳೆಗಾಲದ ತೇವಕ್ಕೆ ಮಾರ್ಕ್ಸ್ ಕಾರ್ಡ್ ಬೂಸ್ಟು ಹಿಡಿಯುತ್ತದೆಂದು ನಮ್ಮ ಕಡೆ ಎಲ್ಲರೂ ಲ್ಯಾಮಿನೇಟ್ ಮಾಡಿಸಿಡುತ್ತಾರೆ. ಮುದ್ರೆ, ಸ್ಟಿಕ್ಕರ್ ಬೀಳುವುದು ಕಾಗದದ ಹಿಂಬದಿಗೆ, ಪ್ಲಾಸ್ಟಿಕ್ ಮೇಲೆ ಹಾಕುವುದಿಲ್ಲ. ಇಸ್ತ್ರಿಪೆಟ್ಟಿಗೆ ಕಾಯಿಸಿ ಬಿಡಿಸಲು ಹೋದರೆ ಶಾಯಿ ಪ್ಲಾಸ್ಟಿಕ್ ಜೊತೆಗೇ ಎದ್ದು ಬರುತ್ತದೆ. ಅಂಚಿನಲ್ಲಿ ಸ್ವಲ್ಪ ಎತ್ತಿ ನೋಡಿ, ಸಲೀಸಾಗಿ ಬರದಿದ್ದರೆ ಅಲ್ಲಿಗೇ ಬಿಟ್ಟು ಪರೀಕ್ಷಾ ಮಂಡಳಿಗೆ ನಕಲು ಪ್ರತಿಗೆ ಅರ್ಜಿ ಹಾಕಿ. ಇನ್ನೂ ಲ್ಯಾಮಿನೇಟ್ ಆಗದವನ್ನು ಒಂದೊಂದೇ ಪ್ಲಾಸ್ಟಿಕ್ ಹಾಳೆಯೊಳಗೆ ಜಾರಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.