ಎರಡು ‘ಶಿವಮೊಗ್ಗ’, ಒಂದೇ ಟೇಬಲ್: ಪೋಸ್ಟ್‌ಗ್ರೆಸ್‌ನಲ್ಲಿ ನಾನು ಹಾಕಿ ನೋಡಿದ ಕೊಲೇಶನ್‌ಗಳು

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿರುವ ನಮ್ಮ ಸದಸ್ಯರ ಪಟ್ಟಿಯಲ್ಲಿ ‘ಶಿವಮೊಗ್ಗ’ ಅಂತ ಹುಡುಕಿದರೆ ಕೆಲವು ಸಾಲುಗಳು ಬರುತ್ತಲೇ ಇರಲಿಲ್ಲ. ಕಣ್ಣಿಗೆ ಎಲ್ಲವೂ ಒಂದೇ. ಉದ್ದ ಅಳೆದಾಗ ಗುಟ್ಟು ಬಯಲಾಯಿತು: ಒಂದರಲ್ಲಿ 8 ಕೋಡ್‌ಪಾಯಿಂಟ್ (ಪ್ರತಿ ಚಿಹ್ನೆಗೆ ಯೂನಿಕೋಡ್ ಕೊಡುವ ಸಂಖ್ಯೆ), 24 ಬೈಟ್, ಇನ್ನೊಂದರಲ್ಲಿ 9 ಮತ್ತು 27. ಹಳೆಯ ಫಾಂಟಿನಿಂದ ಯೂನಿಕೋಡಿಗೆ ತಿರುಗಿಸಿದ ಕಡತದಲ್ಲಿ ‘ಮೊ’ದ ಒತ್ವ ಒಡೆದು, ಎತ್ವ ಬೇರೆ, ಊತ್ವ ಬೇರೆಯಾಗಿ ಕೂತಿತ್ತು.

ಕೊಲೇಶನ್ ಎಂದರೆ ಪದಗಳನ್ನು ಹೋಲಿಸುವ, ವಿಂಗಡಿಸುವ ನಿಯಮ. ಮೊದಲು ಇದ್ದದ್ದು ‘ಸಿ’ ಕೊಲೇಶನ್. ಬೈಟ್ ಲೆಕ್ಕ, ತುಂಬ ವೇಗ, ಪದದ ಆರಂಭದಿಂದ ಹುಡುಕುವ ಲೈಕ್ ಆಪರೇಟರ್‌ಗೂ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಸಿಗುತ್ತದೆ. ಆದರೆ ಯೂನಿಕೋಡಿನಲ್ಲಿ ‘ಳ’ ಬರುವುದು ‘ಲ’ದ ಪಕ್ಕ, ಹಾಗಾಗಿ ‘ಬಳೆ’ ‘ಬಸವ’ನಿಗಿಂತ ಮುಂದೆ ನಿಲ್ಲುತ್ತದೆ. ವರ್ಣಮಾಲೆ ಕಲಿತವರಿಗೆ ಅದು ತಪ್ಪೇ.

ಲಿನಕ್ಸ್‌ನ ಮೂಲ ಲೈಬ್ರರಿ ಗ್ಲಿಬ್‌ಸಿ ಕೊಡುವ ಲೋಕೇಲ್‌ನಿಂದ (ಭಾಷೆವಾರು ನಿಯಮಗಳ ಗುಂಪು) ನನ್ನ ಸಮಸ್ಯೆಗೆ ಏನೂ ಪ್ರಯೋಜನವಾಗಲಿಲ್ಲ. ಮೇಲಾಗಿ 2018ರ 2.28 ಆವೃತ್ತಿಯಲ್ಲಿ ಅದರ ವಿಂಗಡಣೆ ಕ್ರಮವೇ ಬದಲಾಗಿದೆ. ಓಎಸ್ ಅಪ್‌ಗ್ರೇಡ್ ಮಾಡಿ ರೀಇಂಡೆಕ್ಸ್ ಮಾಡದಿದ್ದರೆ, ಇರುವ ಸಾಲೂ ಸಿಗದೆ ಹೋಗಬಹುದು.

ನನಗೆ ಹೆಚ್ಚು ಭರವಸೆ ಇದ್ದದ್ದು ಐಸಿಯು ಎಂಬ ಯೂನಿಕೋಡ್ ಲೈಬ್ರರಿಯ ಕನ್ನಡ ಕೊಲೇಶನ್ ಮೇಲೆ. ಹಾಕಿದೆ, ಎರಡು ಶಿವಮೊಗ್ಗ ಎರಡಾಗಿಯೇ ಉಳಿದವು. ಕಾರಣ ತಿಳಿಯಲು ಒಂದು ದಿನ ಹಿಡಿಯಿತು. ಕೊಲೇಶನ್ ಮಾಮೂಲಾಗಿ ‘ಡಿಟರ್ಮಿನಿಸ್ಟಿಕ್’, ಅದರಲ್ಲಿ ಐಸಿಯು ‘ಸಮ’ ಎಂದರೂ ಪೋಸ್ಟ್‌ಗ್ರೆಸ್ ಕೊನೆಗೆ ಬೈಟ್ ನೋಡಿಯೇ ತೀರ್ಮಾನಿಸುತ್ತದೆ. 2019ರ 12ನೇ ಆವೃತ್ತಿಯಿಂದ ಡಿಟರ್ಮಿನಿಸ್ಟಿಕ್ ಅನ್ನು ‘ಫಾಲ್ಸ್’ ಮಾಡಬಹುದು. ಮಾಡಿದ ತಕ್ಷಣ ಎರಡೂ ಕೂಡಿದವು. ‘ಕುಮಾರ್’ ಕೊನೆಯಲ್ಲಿ ಕಾಣದೆ ಕೂತಿದ್ದ ಜೀರೋ ವಿಡ್ತ್ ನಾನ್ ಜಾಯ್ನರ್ (ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಚಿಹ್ನೆ) ಕೂಡ ಅಡ್ಡ ಬರಲಿಲ್ಲ. ಎಷ್ಟು ಖುಷಿಯಾಯಿತೆಂದರೆ! ಆದರೆ ಇಂಥ ಕಾಲಂ ಮೇಲೆ ಲೈಕ್ ಓಡುವುದು 18ನೇ ಆವೃತ್ತಿಯಿಂದ ಮಾತ್ರ. ನಾವಿರುವುದು 16ರಲ್ಲಿ, ನಮ್ಮವರು ಟೈಪ್ ಮಾಡುವುದು ಬರೀ ‘ಶಿವ’ ಎಂದು. ಎರರ್ ಬಂತು, ಕೈಬಿಟ್ಟೆ.

ಕೊನೆಗೆ ನಿಂತದ್ದು ಬೇರೆ ದಾರಿ: ಹುಡುಕಾಟಕ್ಕೇ ಒಂದು ಜನರೇಟೆಡ್ ಕಾಲಂ (ಬೇರೆ ಕಾಲಂನಿಂದ ತಾನೇ ಲೆಕ್ಕವಾಗಿ ತುಂಬುವುದು). ಹೆಸರನ್ನು ನಾರ್ಮಲೈಸ್ ಫಂಕ್ಷನ್ನಿಗೆ (13ರಿಂದ ಇದೆ) ಎನ್ಎಫ್‌ಸಿ ರೂಪಕ್ಕೆ (ಒಡೆದ ಚಿಹ್ನೆಗಳನ್ನು ಕೂಡಿಸಿದ ರೂಪ) ತರಲು ಕೊಟ್ಟು, ಅದು ಮುಟ್ಟದೆ ಬಿಡುವ ಕೋಡ್‌ಪಾಯಿಂಟ್ 8204 ಮತ್ತು 8205ರ ಕಾಣದ ಜಾಯ್ನರ್‌ಗಳನ್ನು ರಿಪ್ಲೇಸ್‌ನಿಂದ ತೆಗೆದು, ‘ಸಿ’ ಕೊಲೇಶನ್‌ನಲ್ಲಿ ಇಂಡೆಕ್ಸ್ ಮಾಡಿದೆ. ಮೂಲ ಕಾಲಂನಿಂದ ಮಾತ್ರ ಜಾಯ್ನರ್ ತೆಗೆಯಬೇಡಿ, ದಯವಿಟ್ಟು. ತೆಗೆದರೆ ‘ರ‍್ಯಾಂಕ್’ ಹೋಗಿ ಅರ್ಕಾವತ್ತಿನ ‘ರ್ಯಾಂಕ್’ ಆಗುತ್ತದೆ. ‘ರಾಜ್‌ಕುಮಾರ್’ ಹೆಸರಿನಲ್ಲಿ ‘ಕು’ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ಜನರ ಹೆಸರು ಅವರು ಬರೆದಂತೆಯೇ ಉಳಿಯಬೇಕು.

ಹುಡುಕುವ ಪದವನ್ನೂ ಅದೇ ಫಂಕ್ಷನ್ ಮೂಲಕ ದಾಟಿಸಬೇಕು. ಪಟ್ಟಿ ತೋರಿಸುವಾಗಿನ ವಿಂಗಡಣೆಗೆ ಐಸಿಯು ಕೊಲೇಶನ್ ಇಟ್ಟುಕೊಂಡಿದ್ದೇನೆ.