ಡಬಲ್ ಬಾಸ್‌ಗೆ ಮೂವರು ಮೇಷ್ಟ್ರು: ಯಾರ ಹತ್ತಿರ ಉಳಿದೆ, ಯಾಕೆ

ಮೊದಲೇ ಹೇಳಿಬಿಡುತ್ತೇನೆ. ನಾನು ಈಗ ಡಬಲ್ ಬಾಸ್ (ನಿಂತು ನುಡಿಸುವ, ಆಳೆತ್ತರದ ಪಿಟೀಲಿನಂಥ ವಾದ್ಯ) ಪಾಠಕ್ಕೆ ಹೋಗುತ್ತಿರುವುದು ರಾತ್ರಿ ಹೊತ್ತು ಜಾಝ್ ಬ್ಯಾಂಡ್‌ಗಳಲ್ಲಿ ನುಡಿಸುವ ಒಬ್ಬರ ಹತ್ತಿರ. ತಿಂಗಳಿಗೆ ಎರಡೇ ಪಾಠ, ಅದರಲ್ಲೂ ಒಂದು ಆಗಾಗ ತಪ್ಪುತ್ತದೆ. ಆದರೂ ಅವರನ್ನು ಬಿಡುವ ಮಾತೇ ಇಲ್ಲ. ಅವರು ಸಿಗುವ ಮುಂಚೆ ಇನ್ನಿಬ್ಬರ ಹತ್ತಿರ ಕಲಿತೆ. ಒಬ್ಬರು ಆನ್‌ಲೈನ್, ಇನ್ನೊಬ್ಬರು ಆರ್ಕೆಸ್ಟ್ರಾದವರು.

ನಾನು ವರ್ಷಗಟ್ಟಲೆ ಎಲೆಕ್ಟ್ರಿಕ್ ಬಾಸ್ ನುಡಿಸಿದ್ದೆ. ಎರಡಕ್ಕೂ ಅದೇ ನಾಲ್ಕು ತಂತಿ, ಇ, ಎ, ಡಿ, ಜಿ. ಇನ್ನೇನು ಕಷ್ಟ ಅಂದುಕೊಂಡು ಆನ್‌ಲೈನ್ ಮೇಷ್ಟ್ರಿಗೆ ಮೂರು ತಿಂಗಳ ಫೀಸು ಒಟ್ಟಿಗೇ ಕಟ್ಟಿಬಿಟ್ಟೆ. ಒಟ್ಟಿಗೆ ಕಟ್ಟಿದರೆ ಕಡಿಮೆ ಆಗುತ್ತಿತ್ತು, ಅಷ್ಟೇ ಕಾರಣ.

ಮೊದಲ ಪಾಠ. ಕೆಳಗಿನ ಇ ತಂತಿಯನ್ನು ಮೀಟಿದೆ. ಮೇಷ್ಟ್ರು ಕಾದರು. "ಹೂಂ, ನುಡಿಸಿ" ಅಂದರು. ನಾನು ಆಗಲೇ ನುಡಿಸಿ ಆಗಿತ್ತು! ಆ ತಂತಿಯ ಸ್ವರ ಸುಮಾರು 41 ಹರ್ಟ್ಸ್. ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಅಷ್ಟು ಕೆಳಗಿನ ಸದ್ದು ಬರುವುದೇ ಇಲ್ಲ. ಸಾಲದ್ದಕ್ಕೆ ವಿಡಿಯೋ ಕಾಲ್‌ನ ಸಾಫ್ಟ್‌ವೇರ್, ಉದ್ದಕ್ಕೆ ಗುಂಯ್‌ಗುಡುವ ಸ್ವರವನ್ನು ಫ್ಯಾನಿನ ಸದ್ದು ಅಂತ ತಿಳಿದು ಅಳಿಸಿಹಾಕುತ್ತಿತ್ತು. ಅವರಿಗೆ ಕೇಳಿಸಿದ್ದು ನನ್ನ ಬೆರಳಿನ ಟಕ್ ಟಕ್ ಮಾತ್ರ.

ಸದ್ದು ಕಡಿತಗೊಳಿಸುವ ಸೆಟ್ಟಿಂಗ್ ಆಫ್ ಮಾಡಿ, ಬೇರೆ ಮೈಕ್ ಇಟ್ಟು, ಇಬ್ಬರೂ ಹೆಡ್‌ಫೋನ್ ಹಾಕಿಕೊಳ್ಳುವಷ್ಟರಲ್ಲಿ ಮೂರು ಪಾಠ ಮುಗಿದಿತ್ತು. ಕೊನೆಗೂ ಕೇಳಿಸಿತು, ಸರಿ. ಆದರೆ ಜೊತೆಯಲ್ಲಿ ನುಡಿಸಲು ಆಗುವುದಿಲ್ಲ. ಅವರು ಆ ಕಡೆ ಪಿಯಾನೋ ಹಿಡಿದರೆ ನನ್ನ ಸ್ವರ ಒಂದು ಚೂರು ತಡವಾಗಿ ತಲುಪುತ್ತದೆ. "ಹಿಂದೆ ಬೀಳ್ತಿದ್ದೀರಿ" ಅನ್ನುತ್ತಿದ್ದರು. ಹಿಂದೆ ಬಿದ್ದದ್ದು ನಾನೋ, ಇಂಟರ್ನೆಟ್ಟೋ? ಜಾಝ್‌ನಲ್ಲಿ ಬಾಸ್‌ನ ಕೆಲಸವೇ ಪ್ರತಿ ಬಾರ್‌ಗೆ (ತಾಳದ ಒಂದು ಸುತ್ತಿಗೆ) ನಾಲ್ಕು ಸ್ವರವನ್ನು ಸರಿಯಾದ ಜಾಗದಲ್ಲಿ ಇಡುವುದು. ಆ ಜಾಗವೇ ಗೊತ್ತಾಗದಿದ್ದರೆ ಪಾಠ ಎಲ್ಲಿಂದ ಬಂತು?

ಇನ್ನೊಂದು ತೊಂದರೆ ಎರಡು ವಾರ ಬಿಟ್ಟು ಕಾಣಿಸಿಕೊಂಡಿತು. ಎಡಗೈ ಹೆಬ್ಬೆರಳಿನ ಬುಡ ನೋಯತೊಡಗಿತು. ಹೆಬ್ಬೆರಳು ಇರುವುದು ಬಾಸ್‌ನ ಕುತ್ತಿಗೆಯ ಹಿಂದೆ, ಕ್ಯಾಮೆರಾ ಇರುವುದು ಮುಂದೆ. ಪಾಪ, ಮೇಷ್ಟ್ರ ತಪ್ಪಲ್ಲ. ಕಾರ್ಡ್‌ಗಳ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪುಗಳ) ಬಗ್ಗೆ ಅವರಷ್ಟು ಬಿಡಿಸಿ ಹೇಳಿದವರು ಇನ್ನೊಬ್ಬರಿಲ್ಲ. ಉಳಿದ ಪಾಠಗಳನ್ನು ಅದಕ್ಕೇ ಬಳಸಿದೆ.

ನನ್ನ ಬಾಸ್ ರಿಪೇರಿ ಮಾಡುವವರು ಕಳಿಸಿದ್ದು ಆರ್ಕೆಸ್ಟ್ರಾ ಮೇಷ್ಟ್ರ ಹತ್ತಿರ. ಅವರು ಐದೇ ನಿಮಿಷದಲ್ಲಿ ನನ್ನ ಹಿಂದೆ ಬಂದು ನಿಂತು, ಹೆಬ್ಬೆರಳನ್ನು ಹಿಡಿದು ಎಳೆದುಬಿಟ್ಟರು. "ಈಗ ಇದಿಲ್ದೆ ಒತ್ತಿ." ಒತ್ತಿದೆ. ತೋಳಿನ ಭಾರಕ್ಕೇ ತಂತಿ ಕೂತಿತು! ನೋವು ಹದಿನೈದು ದಿನದಲ್ಲಿ ಹೋಯಿತು. ಸಿಮ್ಯಾಂಡ್ಲ್ ಅನ್ನುವ, ಡಬಲ್ ಬಾಸ್‌ಗೆ ಬೆರಳಿಡುವ ಹಳೆಯ ಪದ್ಧತಿಯಂತೆ ಮೂರನೇ ಬೆರಳನ್ನು ನಾಲ್ಕನೆಯದಕ್ಕೆ ಆಸರೆ ಕೊಟ್ಟು ಒತ್ತುವುದನ್ನೂ ಅವರೇ ಕಲಿಸಿದರು. ಆದರೆ ಗಂಟೆಯ ಮುಕ್ಕಾಲು ಪಾಲು ಕಮಾನಿಗೇ ಹೋಗುತ್ತಿತ್ತು. ಕಮಾನು ಹಿಡಿದರೆ ಶ್ರುತಿ ತಪ್ಪಿದ್ದು ಮುಚ್ಚಿಡಲು ಆಗುವುದಿಲ್ಲ, ಒಪ್ಪುತ್ತೇನೆ. ಜಾಝ್ ಬಾಸ್ ವಾದಕ ರಾನ್ ಕಾರ್ಟರ್ ಕೂಡ ಅಮೆರಿಕದ ಈಸ್ಟ್‌ಮನ್ ಸಂಗೀತ ಶಾಲೆಯಲ್ಲಿ ಹೀಗೇ ಶಾಸ್ತ್ರೀಯವಾಗಿ ಕಲಿತು 1959ರಲ್ಲಿ ಪದವಿ ಪಡೆದವರೇ. ಆದರೆ ಕೆಲಸ ಮುಗಿಸಿ ಬಂದು ದಿನಕ್ಕೆ ಮುಕ್ಕಾಲು ಗಂಟೆ ಅಭ್ಯಾಸ ಮಾಡುವವರು ಎಷ್ಟು ಅಂತ ಹಂಚುವುದು? ಜಾಝ್‌ನ ತೂಗಾಡುವ ಲಯ, ಸ್ವಿಂಗ್ ಬಗ್ಗೆ ಕೇಳಿದಾಗಲೆಲ್ಲ "ಅದು ಆಮೇಲೆ". ಜೊತೆಗೆ ಪ್ರತಿವಾರ ಬಾಸ್ ಹೊತ್ತುಕೊಂಡು ಹೋಗಬೇಕು, ಪ್ರತಿವಾರದ ಫೀಸು ಬೇರೆ.

ಈಗಿನ ಮೇಷ್ಟ್ರು ಸಿಕ್ಕಿದ್ದು ಒಂದು ಜ್ಯಾಮ್‌ನಲ್ಲಿ, ಅಂದರೆ ವಾದಕರು ಸೇರಿ ತಯಾರಿಯಿಲ್ಲದೆ ನುಡಿಸುವ ಕೂಟದಲ್ಲಿ. ಬಿಡುವಿನಲ್ಲಿ ಹೋಗಿ ಸುಮ್ನೆ ಕೇಳಿದೆ, "ಪಾಠದಲ್ಲಿ ನೀವೂ ಜೊತೆಗೆ ನುಡಿಸ್ತೀರಾ?" ಮೇಷ್ಟ್ರನ್ನು ಹುಡುಕುವವರು ಈ ಒಂದು ಪ್ರಶ್ನೆ ಕೇಳಿದರೆ ಸಾಕು ಅನಿಸುತ್ತದೆ. ಅವರ ಮನೆಯಲ್ಲಿ ಎರಡನೇ ಬಾಸ್ ಇದೆ, ನಾನು ಬರಿಗೈಯಲ್ಲಿ ಹೋಗುತ್ತೇನೆ.

ಮೊದಲ ದಿನ ಎಫ್ ಶ್ರುತಿಯಲ್ಲಿ ಬ್ಲೂಸ್, ಹನ್ನೆರಡು ಬಾರ್. ತಾಳ ಹಾಕುವ ಯಂತ್ರ ಮೆಟ್ರೋನೋಮ್ ಹೊಡೆಯುವುದು ಎರಡು ಮತ್ತು ನಾಲ್ಕನೇ ಬೀಟ್‌ಗೆ ಮಾತ್ರ. ಐದನೇ ಬಾರ್‌ಗೆ ಬರುವಷ್ಟರಲ್ಲಿ ನನಗೆ ಅದು ಒಂದು, ಮೂರು ಅಂತ ಕೇಳಿಸತೊಡಗಿತು. ಮೇಷ್ಟ್ರು ಪಿಯಾನೋ ನಿಲ್ಲಿಸದೆ, ತಲೆ ಆಡಿಸುತ್ತಾ ನಕ್ಕರು. ಆಮೇಲೆ ನನ್ನ ಬಲಗೈಯ ತೋರುಬೆರಳನ್ನು ತಂತಿಗೆ ಓರೆಯಾಗಿ ಮಲಗಿಸಿದರು. ಎಲೆಕ್ಟ್ರಿಕ್‌ನಲ್ಲಿ ಮಾಡುವ ಹಾಗೆ ತುದಿಯಿಂದ ಕೆರೆಯಬಾರದಂತೆ, ಬೆರಳಿನ ಪಕ್ಕದ ಮಾಂಸದಿಂದ ಎಳೆಯಬೇಕಂತೆ. ಒಂದೇ ಎಳೆತಕ್ಕೆ ಸ್ವರ ದಪ್ಪವಾಯಿತು, ನೆಲದಿಂದ ಕಾಲಿಗೆ ತಾಗಿತು. ಮನೆಪಾಠ ಜಾಝ್ ಬಾಸ್ ವಾದಕ ಪಾಲ್ ಚೇಂಬರ್ಸ್ ನುಡಿಸಿದ ಹನ್ನೆರಡು ಬಾರ್. ಬರೆದುಕೊಳ್ಳುವಂತಿಲ್ಲ, ಮೊದಲು ಬಾಯಲ್ಲಿ ಹಾಡಿ ಒಪ್ಪಿಸಬೇಕು.

ಜೀವನದಲ್ಲೇ ಬಾಸ್ ಮುಟ್ಟದವರು ಮೊದಲು ಆರ್ಕೆಸ್ಟ್ರಾ ಮೇಷ್ಟ್ರ ಹತ್ತಿರ ನಾಲ್ಕು ತಿಂಗಳು ಇದ್ದು ಬರಲಿ, ಕೈ ಉಳಿಯುತ್ತದೆ. ಹತ್ತಿರದಲ್ಲಿ ಯಾರೂ ಇಲ್ಲದವರಿಗೆ ಆನ್‌ಲೈನೇ ಗತಿ, ಆದರೆ ಒಟ್ಟಿಗೆ ಫೀಸು ಕಟ್ಟಬೇಡಿ. ನನಗಂತೂ ತಿಂಗಳಿಗೆ ಎರಡು ಪಾಠವೇ ಜೇಬಿಗೂ ಸರಿ, ಅಭ್ಯಾಸಕ್ಕೂ ಸರಿ.

ಹೋದ ವಾರ ಮತ್ತೆ ಪಾಠ ತಪ್ಪಿತು. ಸಂಜೆ ಮೆಸೇಜ್ ಬಂತು: "ಕಾರ್ಯಕ್ರಮ ಇದೆ. ನನ್ನ ಹಿಂದೆ ಒಂದು ಕುರ್ಚಿ ಹಾಕಿಸಿರ್ತೀನಿ, ಬನ್ನಿ." ಹೋಗಿ ಎರಡು ಗಂಟೆ ಅವರ ಹೆಬ್ಬೆರಳನ್ನೇ ನೋಡುತ್ತಾ ಕೂತಿದ್ದೆ. ಆ ದಿನದ ಫೀಸು ತಗೊಳ್ಳಲಿಲ್ಲ.