ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಸಬ್‌ಸ್ಕ್ರಿಪ್ಷನ್‌ಗೆ ಹೋಗುವ ಮುಂಚೆ ಹಳೇ ಕ್ಯಾಟಲಾಗ್ ಜೋಪಾನ ಮಾಡಿ

ಹಾಸನದಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಮದುವೆ, ಗೃಹಪ್ರವೇಶ, ಸೀಮಂತ, ನಾಮಕರಣ, ಇದೇ ಕೆಲಸ. ಒಂದೇ ಸಲ ದುಡ್ಡು ಕೊಟ್ಟು ತಗೊಂಡಿದ್ದ ಎಡಿಟಿಂಗ್ ಸಾಫ್ಟ್‌ವೇರ್ ಬಿಟ್ಟು, ತಿಂಗಳು ತಿಂಗಳು ಕಟ್ಟುವ ಹೊಸದಕ್ಕೆ ಹೋದೆ. ಎಂಟು ವರ್ಷದ ಕೆಲಸ ಕೈ ತಪ್ಪುವ ಹಾಗಾಯಿತು. ಏನೇನಾಯಿತು ಅಂತ ಪೂರ್ತಿ ಬರೆಯುತ್ತೇನೆ, ಉದ್ದ ಆದರೂ ಓದಿ, ಯಾಕಂದ್ರೆ ಇವತ್ತಿಗೂ ದಿನಾ ಒಬ್ಬರಾದರೂ ಫೋನ್ ಮಾಡಿ "ಅಣ್ಣ, ಹೊಸದಕ್ಕೆ ಹೋಗಲಾ" ಅಂತ ಕೇಳುತ್ತಿದ್ದಾರೆ. ಕಂಪನಿ ಹೆಸರು ಹಾಕುವುದಿಲ್ಲ. ಈ ಪದ್ಧತಿ ಒಬ್ಬರದ್ದೇ ಅಲ್ಲ, ಯಾವ ಕಂಪನಿಯದಾದರೂ ನೋಡಬೇಕಾದ ಜಾಗಗಳು ಇವೇ.

ಹಳೆಯದನ್ನು 2016ರಲ್ಲಿ ತಗೊಂಡಿದ್ದೆ. ಹತ್ತಿರ ಹತ್ತಿರ 9,000 ರೂಪಾಯಿ. ಡಬ್ಬಿ, ಸೀರಿಯಲ್ ನಂಬರ್ ಎಲ್ಲಾ ಇತ್ತು. ಎಂಟು ವರ್ಷ ಒಂದು ರೂಪಾಯಿ ಮತ್ತೆ ಕೊಡಲಿಲ್ಲ. ಅದರಲ್ಲಿ ಎಷ್ಟು ಮದುವೆ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ, ಸೀಸನ್‌ನಲ್ಲಿ ರಾತ್ರಿ ಎರಡು ಗಂಟೆವರೆಗೂ ಕೂತು ಕಲರ್ ಕರೆಕ್ಷನ್ ಮಾಡಿದ್ದೇನೆ. ತೊಂದರೆ ಬಂದಿದ್ದು 2024ರ ಜನವರಿಯಲ್ಲಿ ಹೊಸ ಕ್ಯಾಮೆರಾ ತಗೊಂಡಾಗ. ಅದರ ರಾ ಫೈಲ್, ಅಂದ್ರೆ ಕ್ಯಾಮೆರಾದಿಂದ ನೇರ ಬರುವ ಮೂಲ ಫೋಟೋ ಫೈಲ್, ಹಳೇ ಸಾಫ್ಟ್‌ವೇರ್‌ನಲ್ಲಿ ತೆರೆಯಲಿಲ್ಲ. ಆವಾಗ ಗೊತ್ತಿರುವ ಎಲ್ಲರೂ ಹೇಳಿದ್ದು ಒಂದೇ ಮಾತು, ಸಬ್‌ಸ್ಕ್ರಿಪ್ಷನ್ ತಗೋ, ತಿಂಗಳಿಗೆ 885 ರೂಪಾಯಿ ಏನು ಮಹಾ. 750 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ. ಫೆಬ್ರವರಿಯಲ್ಲಿ ಮಾಘ ಮಾಸದ ಮದುವೆಗಳು ಶುರುವಾಗಿದ್ದವು, ಕೂತು ವಿಚಾರಿಸುವಷ್ಟು ಪುರುಸೊತ್ತು ಇರಲಿಲ್ಲ. ತಗೊಂಡೆ.

ಹೊಸದನ್ನು ಹಾಕುವಾಗ ಎರಡು ಪ್ರಶ್ನೆ ಕೇಳಿತು. ಒಂದು, ಹಳೇ ಕ್ಯಾಟಲಾಗನ್ನು, ಅಂದ್ರೆ ನಾವು ಮಾಡಿದ ಎಡಿಟಿಂಗ್ ಎಲ್ಲಾ ಬರೆದಿಟ್ಟಿರುವ ಫೈಲನ್ನು, ಹೊಸದಕ್ಕೆ ಬದಲಾಯಿಸಬೇಕಾ. ಇನ್ನೊಂದು ಸಣ್ಣ ಅಕ್ಷರದಲ್ಲಿ, ಹಳೇ ಆವೃತ್ತಿ ತೆಗೆದುಹಾಕು ಅನ್ನುವುದರ ಮುಂದೆ ಮೊದಲೇ ಟಿಕ್ ಬಿದ್ದಿತ್ತು. ನಾನು ಎರಡಕ್ಕೂ ಹೂಂ ಅಂದೆ. ಹಳೇ ಸಾಫ್ಟ್‌ವೇರ್ ಕಂಪ್ಯೂಟರ್‌ನಿಂದ ಹೋಯಿತು. ಹಳೇ ಕ್ಯಾಟಲಾಗ್ ಫೈಲ್ ಮಾತ್ರ ಹಾಗೇ ಉಳಿದಿತ್ತು, ಅದರ ಪಕ್ಕದಲ್ಲಿ ಅದೇ ಹೆಸರಿನ ಹೊಸದೊಂದು. ಡಿಸ್ಕ್ ತುಂಬಿ ಬಂದಿತ್ತು, ಒಂದೇ ಥರ ಎರಡು ಯಾಕೆ ಅಂತ ಮಾರ್ಚ್‌ನಲ್ಲಿ ಹಳೆಯದನ್ನು ಅಳಿಸಿದೆ. ನನ್ನ ದೊಡ್ಡ ತಪ್ಪು ಇದು. ನೀವು ಬೇರೆ ಏನು ಮರೆತರೂ ಪರವಾಗಿಲ್ಲ, ಆ ಫೈಲ್ ಅಳಿಸಬೇಡಿ.

ಯಾಕೆ ಅಂತ ಹೇಳಬೇಕು. ಕ್ಯಾಟಲಾಗ್ ಅಂದ್ರೆ ಏನು ಅಂತ ನಮ್ಮಲ್ಲಿ ತುಂಬಾ ಜನಕ್ಕೆ ಸರಿಯಾಗಿ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಇಂಥ ಸಾಫ್ಟ್‌ವೇರ್‌ನಲ್ಲಿ ನೀವು ರಾ ಫೈಲ್ ಎಡಿಟ್ ಮಾಡಿದಾಗ ಆ ಫೈಲ್ ಮುಟ್ಟಿದ ಹಾಗೇ ಆಗುವುದಿಲ್ಲ. ಎಕ್ಸ್‌ಪೋಶರ್ ಇಷ್ಟು ಏರಿಸಿದೆ, ಹಳದಿ ಇಷ್ಟು ಇಳಿಸಿದೆ, ಇಲ್ಲಿ ಕ್ರಾಪ್ ಮಾಡಿದೆ ಅಂತ ಒಂದು ಪಟ್ಟಿ ಮಾತ್ರ ಕ್ಯಾಟಲಾಗ್‌ನಲ್ಲಿ ಬರೆದಿಡುತ್ತದೆ. ಟೈಲರ್ ಅಂಗಡಿ ನೆನೆಸಿಕೊಳ್ಳಿ. ರಾ ಫೈಲ್ ಅಂದ್ರೆ ಇನ್ನೂ ಕತ್ತರಿಸದ ಬಟ್ಟೆ, ಅದು ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲೇ ಇರುತ್ತದೆ. ಕ್ಯಾಟಲಾಗ್ ಅಂದ್ರೆ ಅಳತೆ ಪುಸ್ತಕ. ಹೊಸ ಸಾಫ್ಟ್‌ವೇರ್ ಆ ಪುಸ್ತಕವನ್ನು ತನ್ನ ಲಿಪಿಯಲ್ಲಿ ಬರೆದುಕೊಂಡ ಮೇಲೆ ಹಳೆಯದಕ್ಕೆ ಅದನ್ನು ಓದಲು ಬರುವುದಿಲ್ಲ. ಬೇರೆ ಕಂಪನಿಯದಕ್ಕೂ ಪೂರ್ತಿಯಾಗಿ ಬರುವುದಿಲ್ಲ. ಬಟ್ಟೆ ನಿಮ್ಮ ಹತ್ತಿರವೇ ಇದೆ, ಆದರೆ ಅಂಗಿ ಬೇಕು ಅಂದ್ರೆ ಪ್ರತಿ ತಿಂಗಳು ಬಾಡಿಗೆ ಕಟ್ಟಿಯೇ ಆ ಪುಸ್ತಕ ತೆಗೆಸಬೇಕು.

2024 ನಮ್ಮ ಕಡೆ ಕೆಲಸ ಕಡಿಮೆ ಇದ್ದ ವರ್ಷ ಅಂತ ನಿಮಗೂ ನೆನಪಿರಬಹುದು. ಮೇ, ಜೂನ್‌ನಲ್ಲಿ ಗುರು ಅಸ್ತ, ಶುಕ್ರ ಅಸ್ತ ಅಂತ ಮುಹೂರ್ತಗಳೇ ತೀರಾ ಕಡಿಮೆ. ಅದರ ಹಿಂದೆಯೇ ಜುಲೈ 6ಕ್ಕೆ ಆಷಾಢ ಬಂತು. ಮೂರು ತಿಂಗಳು ಪಾಸ್‌ಪೋರ್ಟ್ ಸೈಜ್ ಫೋಟೋ, ಲ್ಯಾಮಿನೇಷನ್ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಕೆಲಸ ಇಲ್ಲದ ತಿಂಗಳು ಬಾಡಿಗೆ ಯಾಕೆ, ಶ್ರಾವಣದಲ್ಲಿ ಮತ್ತೆ ತಗೊಂಡರಾಯಿತು ಅಂತ ರದ್ದು ಮಾಡಲು ಹೋದೆ. ರದ್ದು ಮಾಡುವ ಬಟನ್ ಹುಡುಕುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಸಿಕ್ಕಿದ ಮೇಲೆ ಪರದೆ ಮೇಲೆ ಬಂದಿದ್ದು, ಬೇಗ ನಿಲ್ಲಿಸಿದ್ದಕ್ಕೆ ಶುಲ್ಕ 3,097 ರೂಪಾಯಿ.

ನಾನು ತಗೊಂಡಿದ್ದು ತಿಂಗಳ ಪ್ಲಾನ್ ಅಂತ ತಿಳಿದುಕೊಂಡಿದ್ದೆ. ಅದು ತಿಂಗಳ ಪ್ಲಾನ್ ಅಲ್ಲ, ಒಂದು ವರ್ಷದ ಒಪ್ಪಂದ, ದುಡ್ಡು ಮಾತ್ರ ತಿಂಗಳ ಕಂತಿನಲ್ಲಿ. ಐದು ಕಂತು ಕಟ್ಟಿದ್ದೆ, ಏಳು ಬಾಕಿ, ಆ ಏಳರಲ್ಲಿ ಅರ್ಧ ಕೊಟ್ಟರೆ ಬಿಡುತ್ತೇವೆ ಅಂತ. ನಿಜವಾದ ತಿಂಗಳ ಪ್ಲಾನ್ ಬೇರೆ ಇತ್ತು, ಅದರ ರೇಟು ಹತ್ತಿರ ಹತ್ತಿರ ಎರಡರಷ್ಟು. ತಗೊಳ್ಳುವ ಪುಟದಲ್ಲಿ ಎರಡೂ ಒಂದರ ಕೆಳಗೆ ಒಂದು ಇರುತ್ತವೆ, ಕಡಿಮೆ ಕಾಣುವುದರ ಮೇಲೆ ಮೊದಲೇ ಗುರುತು ಬಿದ್ದಿರುತ್ತದೆ. ನಮ್ಮದು ಸೀಸನ್ ದುಡಿಮೆ ಅಲ್ವಾ, ವೈಶಾಖದಲ್ಲಿ ಬಂದಿದ್ದು ಆಷಾಢಕ್ಕೆ ಇಟ್ಟುಕೊಳ್ಳುವವರು ನಾವು. ಬೆಂಗಳೂರಿನಲ್ಲಿ ವರ್ಷಪೂರ್ತಿ ಪ್ರಾಡಕ್ಟ್ ಶೂಟ್ ಇರುವವರಿಗೆ ಈ ಲೆಕ್ಕ ಸರಿಹೋಗಬಹುದು. ಆಲೂರು, ಬೇಲೂರು, ಅರಕಲಗೂಡಿನ ಸ್ಟುಡಿಯೋಗಳಿಗೆ ಸರಿಹೋಗುವುದಿಲ್ಲ.

ದುಡ್ಡು ಸದ್ದಿಲ್ಲದೆ ಹೋಗುವ ಬಗೆಯೂ ತಿಳಿದಿರಲಿ. ರಿಸರ್ವ್ ಬ್ಯಾಂಕಿನ ಈಗಿನ ನಿಯಮದಲ್ಲಿ, ಕಾರ್ಡ್‌ನಿಂದ ತಾನಾಗಿ ಕಟ್ಟಾಗುವ ಇಂಥ ಕಂತು 15,000 ರೂಪಾಯಿ ಒಳಗಿದ್ದರೆ ಮೊದಲ ಸಲ ಬಿಟ್ಟು ಪ್ರತಿ ಸಲ ಓಟಿಪಿ ಕೇಳುವುದಿಲ್ಲ. 24 ಗಂಟೆ ಮುಂಚೆ ಒಂದು ಮೆಸೇಜ್ ಬರಬೇಕು, ಬರುತ್ತದೆ ಕೂಡ. ಆದರೆ ಸಾಲ ಬೇಕಾ, ಆಫರ್ ಬೇಕಾ ಅಂತ ಬರುವ ನೂರು ಮೆಸೇಜ್ ನಡುವೆ ಅದು ಯಾರ ಕಣ್ಣಿಗೆ ಬೀಳುತ್ತದೆ? ಆ ಮೆಸೇಜ್ ಕಳಿಸುವ ಬ್ಯಾಂಕ್ ಹೆಸರು ನೋಡಿಟ್ಟುಕೊಳ್ಳಿ. ಯುಪಿಐ ಆಟೋಪೇ ಆದರೆ ಆ ಆ್ಯಪ್ ಒಳಗೇ ಯಾವ ಯಾವ ಮ್ಯಾಂಡೇಟ್ (ತಾನಾಗಿ ದುಡ್ಡು ಕಟ್ಟಾಗಲು ನೀವು ಕೊಟ್ಟ ಒಪ್ಪಿಗೆ) ಇದೆ ಅಂತ ನೋಡಬಹುದು, ಅಲ್ಲೇ ನಿಲ್ಲಿಸಲೂಬಹುದು.

ಶುಲ್ಕ ಕೊಡಲು ಮನಸ್ಸು ಬರಲಿಲ್ಲ, ವರ್ಷ ಮುಗಿಯುವವರೆಗೂ ಕಟ್ಟಿದೆ. ಒಟ್ಟು 10,620 ರೂಪಾಯಿ. ಹಳೆಯದಕ್ಕೆ ಎಂಟು ವರ್ಷಕ್ಕೆ ಕೊಟ್ಟಿದ್ದಕ್ಕಿಂತ ಜಾಸ್ತಿ, ಒಂದೇ ವರ್ಷದಲ್ಲಿ. 2025ರ ಜನವರಿ ಕೊನೆಗೆ, ಮುಂದಿನ ವರ್ಷಕ್ಕೆ ತಾನಾಗಿ ಮುಂದುವರಿಯುವ ಮುಂಚೆ ನಿಲ್ಲಿಸಿದೆ. ಸೀರಿಯಲ್ ನಂಬರ್ ಇದೆಯಲ್ಲ, ಹಳೆಯದನ್ನೇ ಮತ್ತೆ ಹಾಕಿಕೊಳ್ಳೋಣ ಅಂದುಕೊಂಡೆ. ಹಾಕಿದೆ. ನಂಬರ್ ಕೊಟ್ಟೆ. ಆಕ್ಟಿವೇಶನ್ ಆಗಲಿಲ್ಲ, ಆ ಆವೃತ್ತಿಯ ಸರ್ವರ್ ನಿಲ್ಲಿಸಿದ್ದೇವೆ ಅಂತ ಕಂಪನಿಯಿಂದ ಉತ್ತರ ಬಂತು. ಅದು ಕಂಪ್ಯೂಟರ್‌ನಲ್ಲೇ ಇದ್ದಿದ್ದರೆ ಇವತ್ತಿಗೂ ನಡೆಯುತ್ತಿತ್ತು, ತೆಗೆದ ಮೇಲೆ ಮತ್ತೆ ಹಾಕಲು ಆಗಲಿಲ್ಲ.

ಮಾರ್ಚ್‌ನಲ್ಲಿ ಒಂದು ಸಾಯಂಕಾಲ ಚನ್ನರಾಯಪಟ್ಟಣದ ಕಡೆಯ ಹುಡುಗ ಫೋನ್ ಮಾಡಿದ. 2019ರಲ್ಲಿ ಅವನ ಅಕ್ಕನ ಮದುವೆ ನಾನೇ ಮಾಡಿದ್ದೆ. "ಅಣ್ಣ, ಅಜ್ಜಿ ಹೋಗ್ಬಿಟ್ರು. ಧಾರೆ ಹೊತ್ತಲ್ಲಿ ಅಜ್ಜಿ ನಗ್ತಾ ಕೂತಿರೋದು ಒಂದು ತೆಗೆದಿದ್ರಲ್ಲ, ಅದನ್ನೇ ದೊಡ್ಡದು ಮಾಡಿಕೊಡಿ, ತಿಥಿಗೆ ಬೇಕು. ಬೇರೆ ಫೋಟೋ ಯಾವುದೂ ಅಜ್ಜಿ ಥರ ಇಲ್ಲ."

ಆ ಫೋಟೋ ನನಗೆ ಚೆನ್ನಾಗಿ ನೆನಪಿತ್ತು. ಮಂಟಪದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿದ್ದರು, ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿದಿದ್ದರು, ನಗು ಕಣ್ಣಲ್ಲಿ ಕಾಣುತ್ತಿತ್ತು. ಶಾಮಿಯಾನದ ಕೆಂಪು ಬಟ್ಟೆಯ ಬಣ್ಣ ಅರ್ಧ ಮುಖದ ಮೇಲೆ, ಇನ್ನರ್ಧಕ್ಕೆ ವಿಡಿಯೋದವರ ಲೈಟು. ಅವತ್ತು ಆ ಒಂದು ಫೋಟೋಗೆ ಒಂದು ಗಂಟೆ ಕೂತಿದ್ದೆ, ಕೆಂಪನ್ನು ಮುಖದ ಮೇಲೆ ಮಾತ್ರ ಸ್ವಲ್ಪ ಸ್ವಲ್ಪವಾಗಿ ಇಳಿಸಿ, ಚರ್ಮದ ಬಣ್ಣ ಎರಡೂ ಕಡೆ ಒಂದೇ ಥರ ಬರುವವರೆಗೆ. ಆಲ್ಬಂನಲ್ಲಿ ಅದು ಐದು ಫೋಟೋ ಸೇರಿಸಿದ ಪುಟದಲ್ಲಿ ಹೆಬ್ಬೆರಳಿನಷ್ಟು ಇತ್ತು. ದೊಡ್ಡ ಜೆಪಿಜಿ ಮಾಡಿ ಇಟ್ಟಿರಲಿಲ್ಲ.

ದುಡ್ಡು ಕಟ್ಟುವುದು ನಿಲ್ಲಿಸಿದ್ದರೂ ಕಂಪ್ಯೂಟರ್‌ನಲ್ಲಿ ಉಳಿದಿದ್ದ ಹೊಸ ಸಾಫ್ಟ್‌ವೇರ್ ತೆರೆದೆ. ಅಜ್ಜಿ ಕಂಡರು, ಸರಿಯಾದ ಬಣ್ಣದಲ್ಲೇ, ಸಣ್ಣದಾಗಿ. ಬಲಗಡೆ ಎಲ್ಲಾ ಸ್ಲೈಡರ್ ಬೂದು ಬಣ್ಣ. ಎಕ್ಸ್‌ಪೋರ್ಟ್ ಒತ್ತಿದರೆ ಪ್ಲಾನ್ ತಗೊಳ್ಳಿ ಅಂತ ಬರುತ್ತಿತ್ತು. ರಾ ಫೈಲ್ ನನ್ನ ಡಿಸ್ಕ್‌ನಲ್ಲಿದೆ, ತೆಗೆದವನು ನಾನು, ಬಣ್ಣ ಸರಿಮಾಡಿದವನು ನಾನು, ಆದರೂ ಅದನ್ನು ಹೊರಗೆ ತೆಗೆಯಲು ನನಗೆ ಅನುಮತಿ ಇಲ್ಲ. ಆ ಹೊತ್ತಿನಲ್ಲಿ ಹೊಟ್ಟೆಯಲ್ಲಿ ಸಂಕಟ ಆಯಿತು. ಒಂದು ತಿಂಗಳಿನ ಪ್ಲಾನ್‌ಗೆ 1,652 ರೂಪಾಯಿ ಕಟ್ಟಿ, ರಾತ್ರಿಯೇ ತೆಗೆದು, ಬೆಳಿಗ್ಗೆ ಪ್ರಿಂಟ್ ಹಾಕಿಸಿ ಫ್ರೇಮ್ ಮಾಡಿ ಕಳಿಸಿದೆ. ಅವರ ಹತ್ತಿರ ದುಡ್ಡು ಇಸ್ಕೊಳ್ಳಲಿಲ್ಲ.

ಆ ತಿಂಗಳು ಪೂರ್ತಿ ಬೇರೆ ಕೆಲಸ ಬಿಟ್ಟು ಒಂದೇ ಕೆಲಸ ಮಾಡಿದೆ. ನೀವು ಹೊಸದಕ್ಕೆ ಹೋಗುವ ಮುಂಚೆಯೇ ಇದನ್ನು ಮಾಡಿಬಿಡಿ. ಮೊದಲು ಎಲ್ಲಾ ಫೋಟೋ ಸೆಲೆಕ್ಟ್ ಮಾಡಿ ಮೆಟಾಡೇಟಾವನ್ನು, ಅಂದ್ರೆ ಫೋಟೋ ಬಗ್ಗೆ ಬರೆದಿಟ್ಟ ಮಾಹಿತಿಯನ್ನು, ಫೈಲ್‌ಗೆ ಸೇವ್ ಮಾಡುವ ಆಯ್ಕೆ ಇರುತ್ತದೆ, ಅದನ್ನು ಕೊಡಿ. ಪ್ರತಿ ರಾ ಫೈಲ್ ಪಕ್ಕ ಒಂದೊಂದು ಎಕ್ಸ್‌ಎಂಪಿ ಫೈಲ್ ಹುಟ್ಟುತ್ತದೆ, ಸ್ಟಾರ್, ಕೀವರ್ಡ್ ಅದರಲ್ಲಿ ಉಳಿಯುತ್ತವೆ, ಬೇರೆ ಸಾಫ್ಟ್‌ವೇರ್ ಓದುತ್ತವೆ. ಬಣ್ಣದ ಕೆಲಸ ಮಾತ್ರ ಬೇರೆ ಕಡೆ ಹಾಗೇ ಬರುತ್ತದೆ ಅಂತ ನಂಬಬೇಡಿ. ಅದಕ್ಕೆ ಒಳ್ಳೇ ಫೋಟೋಗಳನ್ನೆಲ್ಲಾ ಪೂರ್ತಿ ಸೈಜ್ ಜೆಪಿಜಿ ಮಾಡಿ, ತೀರಾ ಮುಖ್ಯವಾದವನ್ನು 16 ಬಿಟ್ ಟಿಫ್ (ಜೆಪಿಜಿಗಿಂತ ಹೆಚ್ಚು ಬಣ್ಣದ ವಿವರ ಉಳಿಸುವ ಫೈಲ್) ಮಾಡಿ ಬೇರೆ ಡಿಸ್ಕ್‌ನಲ್ಲಿ ಇಡಿ. ಟಿಫ್ ಜಾಗ ಜಾಸ್ತಿ ತಿನ್ನುತ್ತದೆ, ತಿನ್ನಲಿ. ಹಳೇ ಕ್ಯಾಟಲಾಗ್ ಕಾಪಿ, ಹಳೇ ಸಾಫ್ಟ್‌ವೇರ್‌ನ ಇನ್‌ಸ್ಟಾಲ್ ಫೈಲ್, ಸೀರಿಯಲ್ ನಂಬರ್ ಮೂರೂ ಒಂದೇ ಫೋಲ್ಡರ್‌ನಲ್ಲಿ ಇರಲಿ. ಹಳೆಯದು ನಡೆಯುತ್ತಿರುವ ಕಂಪ್ಯೂಟರ್ ಇದ್ದರೆ ಅದನ್ನು ಫಾರ್ಮ್ಯಾಟ್ ಮಾಡಬೇಡಿ, ಮಾರಬೇಡಿ.

ನನಗೆ ಆಮೇಲೆ ಗೊತ್ತಾಗಿದ್ದು, ಹೊಸ ಕ್ಯಾಮೆರಾಗೋಸ್ಕರ ಹೊಸ ಸಾಫ್ಟ್‌ವೇರ್ ಬೇಕಾಗಿಯೇ ಇರಲಿಲ್ಲ ಅಂತ. ಅಡೋಬಿಯ ಡಿಎನ್‌ಜಿ ಕನ್ವರ್ಟರ್ ಉಚಿತ, ಹೊಸ ಕ್ಯಾಮೆರಾಗಳ ರಾ ಫೈಲನ್ನು ಡಿಎನ್‌ಜಿ ಅನ್ನುವ, ಬೇರೆ ಬೇರೆ ಸಾಫ್ಟ್‌ವೇರ್ ಓದಬಲ್ಲ ರಾ ಫೈಲ್ ಬಗೆಗೆ ಬದಲಾಯಿಸುತ್ತದೆ, ಡಿಎನ್‌ಜಿ ಓದುವ ಹಳೇ ಸಾಫ್ಟ್‌ವೇರ್‌ನಲ್ಲಿ ಆಮೇಲೆ ತೆರೆಯಬಹುದು. ಪ್ರಿಫರೆನ್ಸ್‌ನಲ್ಲಿ ಕಂಪ್ಯಾಟಿಬಿಲಿಟಿ ಅಂತ ಇದೆ, ಅಲ್ಲಿ ಹಳೇ ಆವೃತ್ತಿ ಆರಿಸಿಕೊಳ್ಳಿ. ಕ್ಯಾನನ್‌ನವರದ್ದು ಡಿಜಿಟಲ್ ಫೋಟೋ ಪ್ರೊಫೆಷನಲ್, ನಿಕಾನ್‌ನವರದ್ದು ಎನ್ಎಕ್ಸ್ ಸ್ಟುಡಿಯೋ, ಎರಡೂ ಉಚಿತ. ಡಾರ್ಕ್‌ಟೇಬಲ್, ರಾಥೆರಪಿ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ಗಳು ಕೂಡ ಉಚಿತ, ಯಾರೂ ಅದಕ್ಕೆ ಬೀಗ ಹಾಕಲು ಬರುವುದಿಲ್ಲ. ನಾನೀಗ ಡಾರ್ಕ್‌ಟೇಬಲ್‌ನಲ್ಲಿದ್ದೇನೆ. ಮೊದಲ ಹದಿನೈದು ದಿನ ಕಷ್ಟ ಆಯಿತು, ಎಲ್ಲಾ ಬೇರೆ ಬೇರೆ ಜಾಗದಲ್ಲಿರುತ್ತವೆ, ಯೂಟ್ಯೂಬ್ ನೋಡಿ ಕಲಿತೆ. ಸಬ್‌ಸ್ಕ್ರಿಪ್ಷನ್‌ನಲ್ಲಿದ್ದ ಹಾಗೆ ಒಂದು ಕ್ಲಿಕ್‌ಗೆ ಆಕಾಶ ಬೇರೆ, ಮುಖ ಬೇರೆ ಮಾಸ್ಕ್ ಮಾಡುವುದು (ಆ ಭಾಗವನ್ನಷ್ಟೇ ಎಡಿಟ್ ಮಾಡಲು ಬೇರ್ಪಡಿಸುವುದು) ನಿಜಕ್ಕೂ ಚೆನ್ನಾಗಿತ್ತು, ಅದನ್ನು ಅಲ್ಲ ಅನ್ನುವುದಿಲ್ಲ. ಕೈಯಲ್ಲಿ ಮಾಡುತ್ತೇನೆ ಈಗ.

ಈಗಾಗಲೇ ಸಿಕ್ಕಿಹಾಕಿಕೊಂಡವರು ಸುಮ್ನೆ ಕೂರಬೇಡಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್, ಅಂದ್ರೆ ಆ್ಯಪ್, ವೆಬ್‌ಸೈಟ್‌ಗಳಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ 13 ಬಗೆ ಹೇಳಿದ್ದಾರೆ, ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್ ಅದರಲ್ಲೊಂದು, ರದ್ದು ಮಾಡುವ ದಾರಿ ಬಚ್ಚಿಡುವುದೂ ಅದರಡಿ ಬರುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ನಂಬರ್ 1915. ಫೋನ್ ಮಾಡುವ ಮುಂಚೆ ರದ್ದು ಮಾಡಲು ಹೋದಾಗ ಬರುವ ಪ್ರತಿ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಾನು ತೆಗೆದಿರಲಿಲ್ಲ.

ನಿಮ್ಮದು ವರ್ಷದ ಪ್ಲಾನ್ ಆದರೆ ಈಗಲೇ ಅಕೌಂಟ್ ತೆರೆದು ಅದು ಮುಂದುವರಿಯುವ ತಾರೀಖು ನೋಡಿ, ಅದಕ್ಕಿಂತ ಹದಿನೈದು ದಿನ ಮುಂಚೆಗೆ ಫೋನಿನಲ್ಲಿ ಅಲಾರಂ ಇಡಿ. ಹಳೇ ಸಾಫ್ಟ್‌ವೇರ್ ಇನ್ನೂ ನಡೆಯುತ್ತಿರುವವರು, ಹಾಸನದ ಸುತ್ತಮುತ್ತ ಇದ್ದರೆ, ಒಂದು ಖಾಲಿ ಹಾರ್ಡ್‌ಡಿಸ್ಕ್ ತಗೊಂಡು ಸ್ಟುಡಿಯೋಗೆ ಬನ್ನಿ. ಮಂಗಳವಾರ ಮಧ್ಯಾಹ್ನ ಬಿಡುವಾಗಿರುತ್ತೇನೆ, ಕೂತು ಬ್ಯಾಕಪ್ ಮಾಡಿಕೊಡುತ್ತೇನೆ.